ಸಲಹೆಗಾರ್ತಿಯ ಲಕ್ಷಣವೂ ಅಷ್ಟಾವಸ್ಥೆಗಳೂ

ಪರರಲ್ಲಿ ಹಣ ಕೇಳುವ ವಿದ್ಯೆಗೆ ಕನ್ನಡನಾಡಿನಲ್ಲಿ ದೀರ್ಘ ಪರಂಪರೆಯಿದ್ದು, ಜಂಗಮರ ಜೋಳಿಗೆ, ದಾಸರ ಗೋಪಾಳಬುಟ್ಟಿ ಮತ್ತು ಗಣೇಶೋತ್ಸವ ಸಮಿತಿಯ ಚಂದಾ ರಸೀದಿ ಪುಸ್ತಕ ಎಂಬ ಮೂರು ಸಾಧನಗಳನ್ನು ಅದು ಲೋಕಕ್ಕೆ ಕೊಟ್ಟಿದೆ. ಈ ಸಾಲಿಗೆ ಇತ್ತೀಚೆಗೆ ಸೇರಿದ ನಾಲ್ಕನೆಯ ಸಾಧನಕ್ಕೆ ಎನ್‌ಜಿಓ ವಲಯದಲ್ಲಿ ಕನ್ಸಲ್ಟೆಂಟ್ ಎಂದೂ, ನೇಮಕಾತಿ ಪತ್ರದಲ್ಲಿ ‘ನಿಧಿಸಂಗ್ರಹ ಹಾಗೂ ಸಹಭಾಗಿತ್ವ ಸಲಹೆಗಾರ್ತಿ’ ಎಂದೂ ಹೆಸರು. ಜೋಳಿಗೆಯವನು ಮನೆಯ ಮುಂದೆ ತಾನೇ ಹೋಗಿ ನಿಲ್ಲುತ್ತಾನೆ. ಸಲಹೆಗಾರ್ತಿಯಾದರೋ ಯಾವ ಮನೆಯ ಮುಂದೆ, ಯಾವ ತಿಂಗಳಲ್ಲಿ, ಎಷ್ಟು ಅಗಲದ ಜೋಳಿಗೆ ಹಿಡಿದು ನಿಲ್ಲಬೇಕೆಂಬುದನ್ನು ಇಪ್ಪತ್ತು ಸ್ಲೈಡುಗಳಲ್ಲಿ ವಿವರಿಸಿ, ನೋಂದಣಿಯಿದ್ದರೆ ಶೇ 18ರಷ್ಟು ಜಿಎಸ್‌ಟಿ ಸೇರಿಸಿ ಬಿಲ್ ಕೊಡುತ್ತಾಳೆ.

ಇವಳ ಪ್ರಭೇದಗಳಲ್ಲೆಲ್ಲ ಅತ್ಯಂತ ಕಷ್ಟಜೀವಿಯೆಂದರೆ ಸ್ತ್ರೀವಾದಿ ಶಾಂತಿ ಸಂಸ್ಥೆಗೆ ನೇಮಕಗೊಂಡವಳು. ಗಡಿಯಲ್ಲಿ ಬಂದೂಕು ಸುಮ್ಮನಾಗುವುದೂ ಮನೆಯೊಳಗೆ ಎತ್ತಿದ ಕೈ ಕೆಳಗಿಳಿಯುವುದೂ ಒಂದೇ ಕೆಲಸದ ಎರಡು ಮುಖಗಳೆಂದು ನಂಬುವ ವಿಚಾರಧಾರೆಗೆ ಸ್ತ್ರೀವಾದಿ ಶಾಂತಿ ಎನ್ನುತ್ತಾರೆ. ಮೊದಲ ಮಹಾಯುದ್ಧ ನಡೆಯುತ್ತಿರುವಾಗಲೇ, 1915ರ ಏಪ್ರಿಲ್‌ನಲ್ಲಿ, 12 ದೇಶಗಳ ಸಾವಿರಕ್ಕೂ ಹೆಚ್ಚು ಮಹಿಳೆಯರು ಹೇಗ್ ನಗರದಲ್ಲಿ ಸೇರಿ ಯುದ್ಧ ನಿಲ್ಲಿಸಿರೆಂದು ಕೇಳಿದ್ದು ಈ ಧಾರೆಯ ಪ್ರಸಿದ್ಧ ಆರಂಭ. ಶಾಂತಿ ಮತ್ತು ಸ್ವಾತಂತ್ರ್ಯಕ್ಕಾಗಿ ಮಹಿಳೆಯರ ಅಂತರರಾಷ್ಟ್ರೀಯ ಒಕ್ಕೂಟ ಬೆಳೆದದ್ದು ಆ ಸಭೆಯಿಂದಲೇ. ಅದರ ಮೊದಲ ಅಧ್ಯಕ್ಷೆ ಜೇನ್ ಆಡಮ್ಸ್ 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಹಂಚಿಕೊಂಡು, ತಮ್ಮ ಪಾಲಿನ ಹಣವನ್ನು ಒಕ್ಕೂಟಕ್ಕೇ ಕೊಟ್ಟರು. ಅಧ್ಯಕ್ಷೆಯೇ ನೊಬೆಲ್ ಗೆದ್ದು ತಂದು ಕೊಡುವುದು ನಿಧಿಸಂಗ್ರಹದ ಅತ್ಯುತ್ತಮ ವಿಧಾನವೆಂಬುದರಲ್ಲಿ ಸಂಶಯವಿಲ್ಲವಾದರೂ, ಪ್ರತಿ ಮಾರ್ಚ್ 31ರೊಳಗೆ ಅದನ್ನು ನೆಚ್ಚಿಕೊಳ್ಳಲಾಗದ ಕಾರಣ ಉಳಿದ ಸಂಸ್ಥೆಗಳು ಕನ್ಸಲ್ಟೆಂಟರ ಮೊರೆಹೋಗುತ್ತವೆ.

ನೇಮಕದ ಮೊದಲ ಹಂತ ಟಿಓಆರ್. ಸಲಹೆಗಾರ್ತಿ ಏನೇನು ಮಾಡಬೇಕೆಂದು ಸಂಸ್ಥೆ ಬರೆದಿಡುವ ಪತ್ರವಿದು. ಸಂಸ್ಥೆಗೆ ಇಷ್ಟು ವರ್ಷ ಏನೇನು ಮಾಡಲಾಗಲಿಲ್ಲವೆಂಬುದರ ಪಟ್ಟಿಯೆಂದು ಓದಿದರೆ ಬೇಗ ಅರ್ಥವಾಗುತ್ತದೆ. ಹತ್ತು ವರ್ಷದ ಅನುಭವ, ಸ್ತ್ರೀವಾದಿ ದೃಷ್ಟಿ, ಸಂಘರ್ಷ-ಸಂವೇದನೆ, ನಿರರ್ಗಳ ಇಂಗ್ಲಿಷ್ ಇರಲೇಬೇಕು. ಕನ್ನಡ ಬಂದರೆ ಒಳ್ಳೆಯದು. ಅವಧಿ ಆರು ತಿಂಗಳು. ಸಂಭಾವನೆ ‘ಅನುಭವಕ್ಕೆ ತಕ್ಕಂತೆ’, ಎಂದರೆ ಸಂಸ್ಥೆಯ ಅನುಭವಕ್ಕೆ ತಕ್ಕಂತೆ. ಅವಳು ಗುತ್ತಿಗೆಯವಳಾದ್ದರಿಂದ ಪಿಎಫ್ ಇಲ್ಲ, ರಜೆ ಇಲ್ಲ. 2017ರ ತಿದ್ದುಪಡಿಯಿಂದೀಚೆಗೆ ನೌಕರಿಯ ಹೆಂಗಸರಿಗೆ ದೊರೆಯುವ 26 ವಾರಗಳ ಹೆರಿಗೆ ರಜೆ ಅಸಂಘಟಿತ ವಲಯಕ್ಕೂ ಸಿಗಬೇಕೆಂಬ ಪ್ರಪೋಸಲನ್ನು ಹೆರಿಗೆ ರಜೆಯಿಲ್ಲದ ಇವಳೇ ಬರೆಯಬೇಕಾಗುತ್ತದೆ.

ಸಂದರ್ಶನದಲ್ಲಿ ಮೇಲುಕೀಳು ಇರಬಾರದೆಂಬ ತತ್ವದಂತೆ ಎಲ್ಲರೂ ಚಾಪೆಯ ಮೇಲೆ ವೃತ್ತಾಕಾರವಾಗಿ ಕೂರುತ್ತಾರೆ. ಮಂಡಿನೋವಿನ ಹಿರಿಯ ಟ್ರಸ್ಟಿಗೆ ಮಾತ್ರ ಕುರ್ಚಿ ಹಾಕುವುದರಿಂದ ಅಧಿಕಾರ ಎಲ್ಲಿದೆಯೆಂಬುದು ಅಭ್ಯರ್ಥಿಗೆ ತಿಳಿಯುತ್ತದೆ. ಬಾಬಾಸಾಹೇಬರಿಂದ ಬ್ಯಾಂಕ್ ಖಾತೆಯವರೆಗೆ ಚರ್ಚೆ ಮುಗಿದ ಮೇಲೆ ಕುರ್ಚಿಯಿಂದ ಬರುವ ಪ್ರಶ್ನೆ ಒಂದೇ: “ಅದೆಲ್ಲ ಸರಿ ಕಣಮ್ಮಾ, ತಂದುಕೊಟ್ಟ ಹಣದಲ್ಲಿ ಇಷ್ಟು ಪರ್ಸೆಂಟ್ ಅಂತ ಇಟ್ಕೊಂಡರೆ ಆಗಲ್ವಾ?” ನಿಧಿಸಂಗ್ರಾಹಕ ವೃತ್ತಿಪರರ ಅಮೆರಿಕದ ಸಂಘವು ತನ್ನ ನೀತಿಸಂಹಿತೆಯಲ್ಲಿ ಶೇಕಡಾವಾರು ಕಮಿಷನ್ನನ್ನು ನಿಷೇಧಿಸಿದೆಯೆಂದು ಅಭ್ಯರ್ಥಿ ವಿನಯದಿಂದ ತಿಳಿಸುತ್ತಾಳೆ. ಅಮೆರಿಕದ ಸಾಮ್ರಾಜ್ಯಶಾಹಿಯನ್ನು ನಲವತ್ತು ವರ್ಷ ವಿರೋಧಿಸಿದ ಟ್ರಸ್ಟಿಗೆ ಆ ವಿರೋಧ ಎಷ್ಟು ಸಕಾರಣವಾಗಿತ್ತೆಂಬುದು ಆ ಕ್ಷಣದಲ್ಲಿ ಮತ್ತೊಮ್ಮೆ ಮನವರಿಕೆಯಾಗುತ್ತದೆ.

ರೂಪಲಕ್ಷಣದ ವಿಷಯದಲ್ಲಿ ಹೆಚ್ಚು ಬರೆಯಬೇಕಾದ್ದಿಲ್ಲ: ಕಾರ್ಪೊರೇಟ್ ಕಚೇರಿಗೆ ಹೋಗುವ ದಿನ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ಹಳ್ಳಿಗೆ ಹೋಗುವ ದಿನ ಜೀನ್ಸು. ಮುಖ್ಯವಾದದ್ದು ಅವಳ ಭಾಷೆ. ಎರಡು ಕೇರಿಯ ಹೆಂಗಸರು ಜಗಳ ಬಿಟ್ಟು ಒಂದೇ ನಲ್ಲಿಯಲ್ಲಿ ನೀರು ಹಿಡಿಯತೊಡಗಿದರೆಂದು ಕಾರ್ಯಕರ್ತೆಯೊಬ್ಬಳು ಹೇಳಿದರೆ, ಅದು ಸಂಜೆಯೊಳಗೆ ‘ಸಂಪನ್ಮೂಲ-ಕೇಂದ್ರಿತ ಸಂಘರ್ಷದ ಸಮುದಾಯ-ಚಾಲಿತ ರೂಪಾಂತರ’ವಾಗಿ, ಸೂಚಕ ಸಂಖ್ಯೆ 3.2ರ ಅಡಿಯಲ್ಲಿ ಸೇರಿರುತ್ತದೆ. ಮಹಿಳೆ, ಶಾಂತಿ ಮತ್ತು ಭದ್ರತೆಯ ಕುರಿತು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2000ದ ಅಕ್ಟೋಬರ್ 31ರಂದು ಅಂಗೀಕರಿಸಿದ 1325ನೆಯ ನಿರ್ಣಯವನ್ನು ಅವಳು ‘ಥರ್ಟೀನ್ ಟ್ವೆಂಟಿಫೈವ್’ ಎಂದು ಎಷ್ಟು ಸಲಿಗೆಯಿಂದ ಉಚ್ಚರಿಸುತ್ತಾಳೆಂದರೆ, ಆಫೀಸಿನ ಡ್ರೈವರ್ ಅದನ್ನು ಬಹುಕಾಲ ರೈಲಿನ ನಂಬರೆಂದೇ ತಿಳಿದಿರುತ್ತಾನೆ.

ಈ ಭಾಷೆಯ ವ್ಯಾಕರಣವೇ ಲಾಗ್‌ಫ್ರೇಮ್. 1969ರಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ ರೂಪುಗೊಂಡ ಈ ಕೋಷ್ಟಕದಲ್ಲಿ ಗುರಿ, ಸೂಚಕ, ಪರಿಶೀಲನೆಯ ಆಧಾರ, ಊಹೆ ಎಂಬ ಕಂಬಸಾಲುಗಳಿರುತ್ತವೆ. ಬಾವಿ ತೋಡಿಸುವವರಿಗೆ ಇದು ಅನುಕೂಲ, ಏಕೆಂದರೆ ಬಾವಿಯನ್ನು ಎಣಿಸಬಹುದು. ಶಾಂತಿಯ ಕೆಲಸ ಯಶಸ್ವಿಯಾದಾಗ ಏನೂ ನಡೆಯುವುದಿಲ್ಲ. ನಡೆಯದ ಗಲಭೆಗೆ ಎಫ್‌ಐಆರ್ ಪ್ರತಿ ಸಿಗುವುದಿಲ್ಲ, ಬೀಳದ ಪೆಟ್ಟಿಗೆ ವೈದ್ಯರ ಸರ್ಟಿಫಿಕೇಟು ಇರುವುದಿಲ್ಲ. ಆದ್ದರಿಂದ ಸಲಹೆಗಾರ್ತಿ ಅನಿವಾರ್ಯವಾಗಿ ಕಾರ್ಯಾಗಾರಗಳನ್ನೂ ಅಲ್ಲಿ ಊಟ ಮಾಡಿದವರನ್ನೂ ಎಣಿಸುತ್ತಾಳೆ, ಮತ್ತು ದೇಶದಲ್ಲಿ ಶಾಂತಿಯನ್ನು ಚಿತ್ರಾನ್ನದ ತಟ್ಟೆಗಳಲ್ಲಿ ಅಳೆಯುವ ಪದ್ಧತಿ ನೆಲೆಗೊಳ್ಳುತ್ತದೆ.

ಹಣದ ಮೂಲಗಳಲ್ಲಿ ಮೊದಲನೆಯದು ಸಿಎಸ್‌ಆರ್, ಎಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣ. ನಿಗದಿತ ಮಿತಿಗಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯ್ದೆಯ 135ನೆಯ ಸೆಕ್ಷನ್ ಹೇಳುತ್ತದೆ. ಯಾವುದಕ್ಕೆ ಮಾಡಬಹುದೆಂಬುದು ಏಳನೆಯ ಅನುಸೂಚಿಯಲ್ಲಿದೆ. ಹಸಿವು, ಶಿಕ್ಷಣ, ಲಿಂಗ ಸಮಾನತೆ, ಪರಿಸರ, ಗ್ರಾಮೀಣ ಕ್ರೀಡೆ ಅಲ್ಲಿವೆ. ಯುದ್ಧದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರ ನೆರವೂ ಇದೆ. ಅವರು ಗಂಡಂದಿರನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಮಾತ್ರ ಆ ಪಟ್ಟಿಯಲ್ಲಿ ಬೇರೆ ಸಾಲಿಲ್ಲ. ಎರಡನೆಯ ಮೂಲವಾದ ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ, ಎಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ರಾಯಚೂರಿನ ಹಳ್ಳಿಗೆ ಬರಬೇಕಾದರೂ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಮುಖ ತೋರಿಸಿ ಬರಬೇಕು. ಬಂದದ್ದನ್ನು ಬೇರೆ ಸಂಸ್ಥೆಯೊಡನೆ ಹಂಚಿಕೊಳ್ಳುವಂತಿಲ್ಲ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ವೃತ್ತಿಪರ ಶುಲ್ಕವೂ ಆಡಳಿತ ವೆಚ್ಚದಲ್ಲೇ ಸೇರುವುದರಿಂದ, ಸಲಹೆಗಾರ್ತಿಯೂ ಕರೆಂಟ್ ಬಿಲ್ಲೂ ಒಂದೇ ಶೇ 20ಕ್ಕಾಗಿ ಸೆಣಸುತ್ತವೆ, ಮತ್ತು ಹೆಚ್ಚಿನ ಸಂದರ್ಭಗಳಲ್ಲಿ ಕರೆಂಟ್ ಗೆಲ್ಲುತ್ತದೆ.

ಈ ಪಾತ್ರದ ಮನಃಸ್ಥಿತಿಯನ್ನು ವಿವರಿಸಲು ಆಧುನಿಕ ಮನಶ್ಶಾಸ್ತ್ರಕ್ಕಿಂತ ಭರತನ ನಾಟ್ಯಶಾಸ್ತ್ರ ಹೆಚ್ಚು ಸಮರ್ಥವಾಗಿದೆ. ನಾಯಕನ ಸಂಬಂಧದಲ್ಲಿ ನಾಯಿಕೆಗೆ ಎಂಟು ಅವಸ್ಥೆಗಳೆಂದು ಅಲ್ಲಿ ಹೇಳಿದ್ದು, ನಾಯಕನ ಸ್ಥಾನದಲ್ಲಿ ದಾನಿಯನ್ನು, ಎಂದರೆ ಈ ವಲಯದವರು ಫಂಡರ್ ಎನ್ನುವವರನ್ನು ಇಟ್ಟರೆ ಎಂಟೂ ಚಾಚೂ ತಪ್ಪದೆ ಹೊಂದುತ್ತವೆ. ಫಂಡರ್ ಫೀಲ್ಡ್ ವಿಸಿಟ್‌ಗೆ ಬರುತ್ತಾರೆಂದು ಕಚೇರಿಗೆ ಸುಣ್ಣ ಬಳಿಸಿ, ಸಂಘದ ಹೆಂಗಸರಿಗೆ ಹಾಡು ಕಲಿಸಿ ಸಜ್ಜಾಗಿ ಕುಳಿತವಳು ವಾಸಕಸಜ್ಜಿಕೆ. ಕಾನ್ಸೆಪ್ಟ್ ನೋಟ್ ಕಳಿಸಿ, ಇನ್‌ಬಾಕ್ಸನ್ನು ಗಳಿಗೆಗೊಮ್ಮೆ ನೋಡುತ್ತ ನಿದ್ದೆಗೆಟ್ಟವಳು ವಿರಹೋತ್ಕಂಠಿತೆ. ಬರುತ್ತೇನೆಂದವರು ಬಾರದೆ, ಮಾಡಿದ ಒಬ್ಬಟ್ಟನ್ನು ಸಿಬ್ಬಂದಿಯೇ ತಿನ್ನಬೇಕಾಗಿ ಬಂದಾಗ ವಿಪ್ರಲಬ್ಧೆ. ನಾಯಕನ ಮೈಮೇಲೆ ಪರಸ್ತ್ರೀಯ ಗುರುತು ಕಂಡವಳನ್ನು ಶಾಸ್ತ್ರ ಖಂಡಿತೆಯೆನ್ನುತ್ತದೆ. ಫಂಡರ್‌ನ ವಾರ್ಷಿಕ ವರದಿಯಲ್ಲಿ ಪಕ್ಕದ ರಸ್ತೆಯ ಸಂಸ್ಥೆಯ ಲೋಗೋ ಕಂಡವಳ ಸ್ಥಿತಿಯೂ ಅದೇ. ವರದಿಯ ನಮೂನೆಯ ವಿಷಯವಾಗಿ ಜಗಳವಾಡಿ, ಮೇಲ್ ಕಳಿಸಿದ ಮೇಲೆ ಪಶ್ಚಾತ್ತಾಪ ಪಡುವವಳು ಕಲಹಾಂತರಿತೆ. ಕಾದದ್ದು ಸಾಕೆಂದು ತಾನೇ ವಿಮಾನ ಹತ್ತಿ ಜಿನೀವಾದ ಸಮ್ಮೇಳನದ ಕಾಫಿ ವಿರಾಮದಲ್ಲಿ ಫಂಡರನ್ನು ಹುಡುಕಿ ಹೋಗುವವಳು ಅಭಿಸಾರಿಕೆ. ನಾಯಕ ದೇಶಾಂತರ ಹೋದವಳು ಪ್ರೋಷಿತಭರ್ತೃಕೆ. ಸ್ತ್ರೀವಾದಿ ವಿದೇಶಾಂಗ ನೀತಿಯನ್ನು 2014ರಲ್ಲಿ ಜಗತ್ತಿಗೇ ಮೊದಲು ಘೋಷಿಸಿದ ಸ್ವೀಡನ್ 2022ರಲ್ಲಿ ಅದನ್ನು ಕೈಬಿಟ್ಟಾಗ, ಯುಎಸ್‌ಏಡ್ 2025ರ ಜುಲೈನಲ್ಲಿ ಬಾಗಿಲು ಹಾಕಿದಾಗ ಈ ಅವಸ್ಥೆ ಹಲವು ದೇಶಗಳಲ್ಲಿ ಏಕಕಾಲಕ್ಕೆ ಉಂಟಾಯಿತು. ಐದು ವರ್ಷಕ್ಕೆ, ಇಂಥದಕ್ಕೇ ಎಂಬ ನಿರ್ಬಂಧವಿಲ್ಲದೆ ಹಣ ಕೊಡುವ ಫಂಡರ್ ಕೈವಶವಾದವಳು ಸ್ವಾಧೀನಭರ್ತೃಕೆ; ಈ ಎಂಟನೆಯವಳು ಶಾಸ್ತ್ರಗ್ರಂಥದಲ್ಲಿ ಕಾಣುವಷ್ಟು ಸುಲಭವಾಗಿ ಲೋಕದಲ್ಲಿ ಕಾಣಸಿಗುವುದಿಲ್ಲ. ಗಂಡು ಕನ್ಸಲ್ಟೆಂಟರಿಗೂ ಈ ಅವಸ್ಥೆಗಳು ಯಾವ ರಿಯಾಯಿತಿಯೂ ಇಲ್ಲದೆ ಅನ್ವಯಿಸುತ್ತವೆ.

ಎಂಟರಲ್ಲೂ ಸಮಾನವಾದ ಅಂಶವೆಂದರೆ, ನಾಯಕ ರಂಗದ ಮೇಲೆ ಇಲ್ಲದಾಗಲೂ ಎಲ್ಲ ಮಾತು, ಎಲ್ಲ ಅಲಂಕಾರ, ಎಲ್ಲ ನಿಟ್ಟುಸಿರು ಅವನನ್ನು ಕುರಿತದ್ದೇ ಆಗಿರುತ್ತದೆ. ಹೆಣ್ಣು ಯಾರ ದಾರಿಯನ್ನೂ ಕಾಯುತ್ತ ಕೂರಬೇಕಿಲ್ಲವೆಂದು ಸಾರುವ ಸಂಸ್ಥೆಯೇ ಗುತ್ತಿಗೆಯ ಮೇಲೆ ಒಬ್ಬಳನ್ನು ಕಾಯಲು ನೇಮಿಸುವುದು ಈ ವ್ಯಕ್ತಿಚಿತ್ರದ ನಿಜವಾದ ಹಾಸ್ಯ. ಸಂಸ್ಥೆಗೂ ಅದು ತಿಳಿಯದ್ದಲ್ಲ. ಆದ್ದರಿಂದಲೇ ಅವರು ಅದನ್ನು ಸಹಭಾಗಿತ್ವವೆಂದು ಕರೆದಿದ್ದಾರೆ. ಇದರಲ್ಲಿ ಒಬ್ಬರು ವರದಿ ಬರೆಯುತ್ತಾರೆ, ಇನ್ನೊಬ್ಬರು ಅದು ತಡವಾಯಿತೆನ್ನುತ್ತಾರೆ.

ಬರುವ ಹಣದ ಶುದ್ಧಿಯ ಪ್ರಶ್ನೆಯೂ ಹಳೆಯದೇ. ‘ಶಸ್ತ್ರಗಳನ್ನು ಕೆಳಗಿಡಿ’ ಎಂಬ ಅರ್ಥದ ಹೆಸರಿನ ಕಾದಂಬರಿಯನ್ನು 1889ರಲ್ಲಿ ಪ್ರಕಟಿಸಿದ ಬರ್ಥಾ ಫೊನ್ ಸುಟ್ನರ್ ಅವರ ಶಾಂತಿ ಚಟುವಟಿಕೆಗೆ ಹಣ ಕೊಟ್ಟವರಲ್ಲಿ ಡೈನಮೈಟಿನ ಜನಕ ಆಲ್ಫ್ರೆಡ್ ನೊಬೆಲ್ ಕೂಡ ಇದ್ದರು. 1905ರಲ್ಲಿ ಶಾಂತಿ ಪ್ರಶಸ್ತಿ ಪಡೆದ ಮೊದಲ ಮಹಿಳೆಯೂ ಆಕೆಯೇ. ಇಂದಿನ ಟ್ರಸ್ಟಿಗಳ ಸಭೆಗೆ ನೊಬೆಲ್ ಅವರ ಚೆಕ್ಕು ಬಂದಿದ್ದರೆ ಅದನ್ನು ತೆಗೆದುಕೊಳ್ಳಬಹುದೇ ಎಂಬ ಚರ್ಚೆ ಮೂರು ಸಭೆಗಳಿಗೆ ಮುಂದೂಡಲ್ಪಟ್ಟು, ಅಷ್ಟರಲ್ಲಿ ಚೆಕ್ಕಿನ ಅವಧಿ ಮುಗಿದಿರುತ್ತಿತ್ತು.

ವರ್ಜೀನಿಯಾ ವುಲ್ಫ್ 1938ರಲ್ಲಿ ಪ್ರಕಟಿಸಿದ ‘ತ್ರೀ ಗಿನೀಸ್’ ಎಂಬ ಕೃತಿ ಇಂಥದೇ ಬೇಡಿಕೆಯ ಪತ್ರವೊಂದಕ್ಕೆ ಉತ್ತರದ ರೂಪದಲ್ಲಿದೆ: ಯುದ್ಧ ತಡೆಯುವ ಸಂಘಕ್ಕೆ ಸದಸ್ಯೆಯಾಗಿ, ದೇಣಿಗೆ ಕೊಡಿ ಎಂಬುದು ಪತ್ರದ ಕೋರಿಕೆ. ಅಂದಿನ ಲೆಕ್ಕದಲ್ಲಿ 21 ಶಿಲಿಂಗ್ ಬೆಲೆಯ ಒಂದು ಗಿನಿಯನ್ನು ಹೆಣ್ಣುಮಕ್ಕಳ ಕಾಲೇಜಿಗೂ, ಇನ್ನೊಂದನ್ನು ಅವರಿಗೆ ಉದ್ಯೋಗ ದೊರಕಿಸುವ ಸಂಘಕ್ಕೂ ಕೊಟ್ಟ ಮೇಲೆ ಆಕೆ ಮೂರನೆಯದನ್ನು ಶಾಂತಿ ಸಂಘಕ್ಕೆ ಕಳಿಸುತ್ತಾರೆ. ಸದಸ್ಯೆಯಾಗಲು ಒಪ್ಪುವುದಿಲ್ಲ, ಹಣಕ್ಕೆ ತಮ್ಮ ಕಡೆಯಿಂದ ಯಾವ ಷರತ್ತನ್ನೂ ಹಾಕುವುದಿಲ್ಲ. ಆ ಮೂರನೆಯ ಗಿನಿಗೆ ಲಾಗ್‌ಫ್ರೇಮ್ ಇರಲಿಲ್ಲ. ಜಗತ್ತಿನ ಸೇನಾವೆಚ್ಚ 2024ರಲ್ಲಿ ಸುಮಾರು 2.7 ಲಕ್ಷ ಕೋಟಿ ಡಾಲರ್ ಮುಟ್ಟಿತೆಂದು ಸ್ಟಾಕ್‌ಹೋಮಿನ ಶಾಂತಿ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದೆ. ಚಿತ್ರಾನ್ನದ ತಟ್ಟೆ ಎಣಿಸುವ ಕಾಟ ಆ ಹಣಕ್ಕೆ ಯಾರೂ ಕೊಟ್ಟಂತಿಲ್ಲ.

ಸಲಹೆಗಾರ್ತಿಯನ್ನು ನೋಡಿ ನಗುವುದು ಸುಲಭ. ಆದರೆ ಅವಳ ಭಾಷೆ, ವೇಷ, ಕಾಯುವಿಕೆಗಳನ್ನೆಲ್ಲ ಹಣ ಕೊಡುವವರೇ ನಿಗದಿಪಡಿಸಿರುವುದರಿಂದ ನಗೆಯ ದೊಡ್ಡ ಪಾಲು ಅವರಿಗೆ ಸಲ್ಲಬೇಕು. ಆದ್ದರಿಂದ ಇನ್ನು ಮುಂದೆ ಟಿಓಆರ್ ಬರೆಯುವ ಸಂಸ್ಥೆಗಳು ‘ಷರತ್ತು ಕಡಿಮೆ ಮಾಡಿರೆಂದು ಫಂಡರ್‌ಗೆ ಹೇಳಬಲ್ಲವರಿಗೆ ಆದ್ಯತೆ’ ಎಂಬ ಒಂದು ಸಾಲನ್ನು ಸೇರಿಸುವುದು ಒಳ್ಳೆಯದು. ಅರ್ಜಿಗಳು ಕಡಿಮೆ ಬಂದಾವು. ಅಂಥವಳು ಸಿಕ್ಕರೆ ಅವಳ ಬಿಲ್ಲನ್ನು, ಗ್ರಾಂಟು ಬರಲಿ ಬಿಡಲಿ, ಆಯಾ ತಿಂಗಳೇ ಪಾವತಿಸಬೇಕು.