ಹಕಾರ ಇದ್ದಲ್ಲಿ ಪಕಾರ ಹಾಕಿ

"1755ರಲ್ಲಿ ಮೈಸೂರಿನವರು ಹೈದರಾಲಿಯನ್ನ ದಿಂಡಿಗಲ್ಲಿಗೆ ಫೌಜದಾರ ಅಂತ ಹಾಕಿದ್ರು. 1761ಕ್ಕೆ ಇಡೀ ಮೈಸೂರೇ ಅವನ ಕೈಲಿತ್ತು. ಆ ಕಡೆ ಟ್ರಾನ್ಸ್‌ಫರ್ ಆದವರು ಉದ್ಧಾರ ಆಗ್ತಾರೆ ಕಣ್ರೀ" ಎಂದಳು ನನ್ನ ಹೆಂಡತಿ. ಅವಳ ಬ್ಯಾಂಕಿನಿಂದ ಆರ್ಡರು ಬಂದ ಸಂಜೆಯ ಮಾತು. ಆರ್ಡರು ಬಂದದ್ದು ದಿಂಡಿಗಲ್ಲಿಗಲ್ಲ, ಅದರಾಚೆಯ ತೇನಿಗೆ. ಬಂದದ್ದು ಅವಳಿಗೆ, ನನಗಲ್ಲ. ಅಂದಮೇಲೆ ಹೈದರ್ ಅವಳು. ನಾನು ಹೈದರನ ಹಿಂದೆ ಟ್ರಂಕು ಹೊತ್ತು ಹೋದವನು. ಅಂಥವರ ಹೆಸರನ್ನು ಚರಿತ್ರೆ ಬರೆದಿಟ್ಟಿಲ್ಲ.

ಆದರೂ ನನಗೆ ಅಳುಕಿರಲಿಲ್ಲ. ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಮೇಷ್ಟ್ರು ನಾನು. ಗಣಿತಕ್ಕೆ ಭಾಷೆ ಎಲ್ಲಿಯದು? ಎರಡೂ ಎರಡೂ ಸೇರಿದರೆ ಹೊಸೂರಿನ ಚೆಕ್‌ಪೋಸ್ಟ್ ದಾಟಿದ ಮೇಲೂ ನಾಲ್ಕೇ. ಅನುಭವದ ಸರ್ಟಿಫಿಕೇಟನ್ನು ಮೂರು ಪ್ರತಿ ಮಾಡಿಸಿ, ಮೂರಕ್ಕೂ ಲ್ಯಾಮಿನೇಶನ್ ಹಾಕಿಸಿದ್ದೆ. ಮೊದಲನೆಯದನ್ನು ತೇನಿಯ ಹಾಲಿನವನು ಲೆಕ್ಕ ಬರೆಯುವಾಗ ಅಡಿಗೆ ಇಟ್ಟುಕೊಂಡ. ಎರಡನೆಯದು ನಾನು ಸೇರಿದ ಇಂಗ್ಲಿಷ್ ಮೀಡಿಯಂ ಶಾಲೆಯ ಕಡತದಲ್ಲಿದೆ. ಅದು ಕನ್ನಡದಲ್ಲಿದ್ದುದರಿಂದ ಅಲ್ಲಿಯ ಗುಮಾಸ್ತರು ತಲೆಕೆಳಗಾಗಿ ಹಿಡಿದು, ಮೇಲಿನಿಂದ ಕೆಳಗಿನವರೆಗೆ ಗೌರವದಿಂದ ನೋಡಿದರು. ಮೂರನೆಯದು ಎಲ್ಲಿದೆಯೋ ಗೊತ್ತಿಲ್ಲ. ಈಚೆಗೆ ಹುಡುಕುವ ಧೈರ್ಯವೂ ಇಲ್ಲ.

ಇಲ್ಲಿ ಒಂದು ಹಳೆಯ ಪಾಪ ಒಪ್ಪಿಕೊಳ್ಳಬೇಕು. 2015ರಲ್ಲಿ ಕರ್ನಾಟಕ ಕನ್ನಡ ಕಲಿಕೆಯ ಕಾನೂನು ತಂದಾಗ ಸ್ಟಾಫ್ ರೂಮಿನಲ್ಲಿ ಟೇಬಲ್ ಕುಟ್ಟಿ ಭಾಷಣ ಮಾಡಿದವನು ನಾನೇ. "ಯಾವ ಊರಿನ ನೀರು ಕುಡೀತೀರೋ ಆ ಊರಿನ ಮಾತು ಕಲೀರಿ. ಎಷ್ಟು ಕಷ್ಟ? ಮೂರು ತಿಂಗಳು ಸಾಕು!" ತಮಿಳುನಾಡು ಅಂಥದೇ ಕಾನೂನನ್ನು 2006ರಲ್ಲೇ ಮಾಡಿಕೊಂಡು ಕೂತಿದೆ ಎಂದು ಆಗ ನನಗೆ ಯಾರೂ ಹೇಳಲಿಲ್ಲ. ಎಂಟನೇ ಕ್ಲಾಸಿನ ಮಗಳಿಗೆ ಒಂದನೇ ಕ್ಲಾಸಿನ ತಮಿಳು ಪುಸ್ತಕ ತರಲು ಹೋದವನು ಎರಡು ತಂದೆ. "ಇನ್ನೊಂದು ಯಾರಿಗಪ್ಪಾ?" ಎಂದಳು. ಮೂರು ತಿಂಗಳು ಅಂದಿದ್ದೆನಲ್ಲ, ಅದಾಗಿ ಈಗ ಹದಿನಾಲ್ಕು ತಿಂಗಳಾಯಿತು.

ನನಗೆ ತಮಿಳು ಸುತರಾಂ ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಇಳಯರಾಜರ ಹಾಡು ಕೇಳಿಯೇ ಬೆಳೆದವನು. ಅವರ ಹುಟ್ಟೂರು ಪಣ್ಣೈಪುರಂ ಇದೇ ಜಿಲ್ಲೆಯದು. ಬಂದ ಮೊದಲ ವಾರವೇ ಹೋಗಿ ಕೈಮುಗಿದು ಬಂದೆ. ಹಾಗಾಗಿ ನನ್ನ ಶಬ್ದಭಂಡಾರದಲ್ಲಿ ನಿಲಾ ಎಂಬ ಚಂದ್ರನಿದ್ದ, ತೆಂಡ್ರಲ್ ಎಂಬ ತಂಗಾಳಿ ಇತ್ತು, ಕಾದಲ್ ಎಂಬ ಪ್ರೀತಿ ಧಾರಾಳವಾಗಿತ್ತು. ಬಚ್ಚಲ ಪೈಪು ಕಟ್ಟಿಕೊಂಡದ್ದನ್ನು ಇವುಗಳಲ್ಲಿ ಹೇಳಲಾಗದು.

ಹೇಳಲು ಹೋದದ್ದು ಮನೆ ಓನರ್ ಹತ್ತಿರ. ಅವರ ದೇವರ ಗೂಡಿನಲ್ಲಿ ಮುರುಗನ ಪಕ್ಕ ಮೀಸೆ ಬಿಟ್ಟ ಒಬ್ಬ ಬಿಳಿಯ ದೊರೆಯ ಫೋಟೋ, ಹೂವಿನ ಹಾರ ಸಮೇತ. ಪೈಪಿನ ಮಾತಿಗೆ ಮೊದಲು ಸ್ವಲ್ಪ ಆತ್ಮೀಯತೆ ಇರಲಿ ಎಂದು, "ನಿಮ್ಮ ತಾತನವರಾ?" ಎಂದೆ. ಅವರು ನನ್ನನ್ನು ಕೂರಿಸಿದರು. ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಪೆರಿಯಾರಿಗೆ ಅಣೆಕಟ್ಟು ಹಾಕಿ, ಬೆಟ್ಟ ಕೊರೆದು, ನೀರನ್ನು ಪೂರ್ವಕ್ಕೆ ತಿರುಗಿಸಿದ ಕರ್ನಲ್ ಪೆನ್ನಿಕ್ವಿಕ್ ಅವರು. ಮುಲ್ಲಪೆರಿಯಾರ್ ಅಣೆ ಮುಗಿದದ್ದು 1895ರಲ್ಲಿ. ಕಂಬಂ ಕಣಿವೆಯಲ್ಲಿ ಎರಡು ಬೆಳೆ ಭತ್ತ ಬರುತ್ತಿರುವುದು ಆ ನೀರಿನಿಂದ. ಜನವರಿ 15ರ ಅವರ ಹುಟ್ಟುಹಬ್ಬಕ್ಕೆ ಇಲ್ಲಿ ಪೊಂಗಲ್ ಇಡುತ್ತಾರೆ. ಲೋಯರ್ ಕ್ಯಾಂಪಿನಲ್ಲಿ ಮಣಿಮಂಟಪವಿದೆ. ಕಾವೇರಿ ಜಗಳದ ದಿನಗಳಲ್ಲಿ ಅಣೆಕಟ್ಟಿನ ಮೇಲೆ ಗಂಟೆಗಟ್ಟಲೆ ಮಾತಾಡಿದ್ದ ನಾನು ಬಾಯಿ ಮುಚ್ಚಿಕೊಂಡು ಒಂದೂವರೆ ಗಂಟೆ ಕೇಳಿದೆ. ಕೊನೆಗೆ ಅವರು, "ನೀವು ವಾಧ್ಯಾರು ತಾನೇ?" ಎಂದರು. ಹೌದೆನ್ನಲು ನಾಲಿಗೆ ಬರಲಿಲ್ಲ. ಪೈಪಿನ ವಿಷಯ ಹಾಗೇ ಉಳಿಯಿತು.

ಇನ್ನು ಅಕ್ಷರ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಟ, ಡ ಎರಡಕ್ಕೂ ಒಂದೇ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ ಮಕ್ಕಳ ಕಿವಿ ಹಿಂಡಿದ ಕೈಗೆ ಇದು ತಕ್ಕ ಶಾಸ್ತಿ. ಒಂದು ದಿನ ಹಳೇ ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿ ಜೊತೆ ನಿಂತಿದ್ದೆ. ಬಸ್ಸೊಂದು ಬಂತು. ಬೋರ್ಡಿನಲ್ಲಿ ಎರಡೇ ಅಕ್ಷರ. ಮೊದಲ ಬಾರಿಗೆ ಯಾರ ಸಹಾಯವೂ ಇಲ್ಲದೆ ಕೂಡಿಸಿ ಓದಿದ ಸಂಭ್ರಮದಲ್ಲಿ ಅವಳತ್ತ ತಿರುಗಿ ಗಟ್ಟಿಯಾಗಿ, "ಪೋಡಿ!" ಎಂದೆ. ಅದು ಬೋಡಿ, ಏಲಕ್ಕಿ ಹರಾಜಿನ ಬೋಡಿನಾಯಕನೂರು. ಪೋಡಿ ಎಂದರೆ "ಹೋಗೇ". ಅಷ್ಟರಲ್ಲಿ ಅವಳಿಗೆ ಬ್ಯಾಂಕಿನ ಗಿರಾಕಿಗಳಿಂದ ತಮಿಳು ಚೆನ್ನಾಗಿ ಬಂದಿತ್ತು, ಸುತ್ತಲಿನ ಹೆಂಗಸರಿಗೆ ಹುಟ್ಟಿನಿಂದಲೇ ಬಂದಿತ್ತು. ಅವಳು ಹೋದಳು. ನಾನು ಮುಂದಿನ ಬಸ್ಸಿಗೆ ಹೋದೆ.

ಕೊನೆಗೆ ಗಣಿತದವನ ಬುದ್ಧಿ ಗಣಿತಕ್ಕೇ ಶರಣಾಯಿತು. ಒಂದು ಸೂತ್ರ ಕಂಡುಹಿಡಿದೆ. ಹಳಗನ್ನಡದಲ್ಲಿ ನಮ್ಮವರೂ ಪಾಲ್, ಪುಲಿ, ಪಲ್ ಎನ್ನುತ್ತಿದ್ದವರೇ. ಆಮೇಲೆ ಆ ಪಕಾರ ಸವೆದು ಹಕಾರವಾಯಿತು. ತಮಿಳರು ಸವೆಯಲು ಬಿಡಲಿಲ್ಲ. ಆದ್ದರಿಂದ: ಹಕಾರ ಇದ್ದಲ್ಲಿ ಪಕಾರ ಹಾಕಿ, ತಮಿಳು ರೆಡಿ. ಹತ್ತು, ಪತ್ತು. ಹಣ, ಪಣಂ. ಹುಳಿ, ಪುಳಿ. ಹಲ್ಲಿ, ಪಲ್ಲಿ. ಹೇನು, ಪೇನ್. ಡೈರಿಯಲ್ಲಿ ಎರಡು ಪುಟ ತುಂಬಿಸಿ ಮನೆಯವರಿಗೆ ಓದಿ ಹೇಳಿದೆ. ಹಳ್ಳಿಗೆ ಪಳ್ಳಿ ಎಂದಾಗ ಮಗಳು, "ಪಳ್ಳಿ ಅಂದ್ರೆ ಸ್ಕೂಲು" ಎಂದಳು. ಅದೊಂದು ಅಪವಾದ ಎಂದು ಕೆಂಪು ಪೆನ್ನಿನಲ್ಲಿ ಬರೆದುಕೊಂಡೆ. ಅಲ್ಲೇ ನಿಲ್ಲಿಸಬೇಕಿತ್ತು.

ಮರುದಿನ ಎಂಟನೇ ಕ್ಲಾಸು, ಋಣಸಂಖ್ಯೆಗಳ ಪಾಠ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದೆ. ಮುಂದಿನ ಬೆಂಚಿನ ಹುಡುಗ ಎದ್ದು ನಿಂತು ನೆಲ ನೋಡಿದ. ಮಕ್ಕಳ ಮನಸ್ಸಿಗೆ ತಾಯ್ನುಡಿಯೇ ದಾರಿ ಎಂದು ಇಪ್ಪತ್ತೆರಡು ವರ್ಷ ಹೇಳಿಕೊಂಡು ಬಂದವನಲ್ಲವೇ? ಅವನ ಭುಜದ ಮೇಲೆ ಕೈಯಿಟ್ಟೆ. ಹೇಳು ಎನ್ನಬೇಕು, ಸೂತ್ರ ಹಾಕಿದೆ. "ಬಯಪ್ಪಡಾದೆ ಕಣ್ಣಾ, ಪೇಳು" ಎಂದೆ.

ಹುಡುಗ ತಲೆಯೆತ್ತಿದ. ಇಡೀ ತರಗತಿ ಉಸಿರು ಹಿಡಿಯಿತು, ಆಮೇಲೆ ಬಿಟ್ಟಿತು. ಮೂವತ್ತೆಂಟು ಮಕ್ಕಳು ಒಟ್ಟಿಗೆ ನಕ್ಕಾಗ ಮೇಷ್ಟ್ರಾದವನಿಗೆ ಎಂಥಾ ಆನಂದ! ಇಷ್ಟು ದಿನದಲ್ಲಿ ಮೊದಲ ಸಲ ಮಕ್ಕಳು ನನ್ನವರಾದರು ಅನ್ನಿಸಿತು. ಉಬ್ಬಿಹೋಗಿ ಎರಡೂ ಕೈ ಎತ್ತಿ, "ಎಲ್ಲಾರುಂ ಪೇಳುಂಗ!" ಎಂದೆ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಎದ್ದು ಬಹಳ ವಿನಯದಿಂದ ಕೇಳಿದಳು: "ಇಂಗೆಯಾ ಸಾರ್?" ಇಲ್ಲಿಯೇ?

ಪಕ್ಕದ ಕ್ಲಾಸಿನ ಟೀಚರು ಬಂದು ನನ್ನನ್ನು ವರಾಂಡಕ್ಕೆ ಕರೆದರು. ಹೇಳುವುದಕ್ಕೆ ಇಲ್ಲಿ "ಸೊಲ್ಲು" ಎನ್ನಬೇಕಂತೆ. ನಾನಂದದ್ದು ಬೆಳಿಗ್ಗೆ ಎದ್ದ ಕೂಡಲೇ ಮುಗಿಸಿಕೊಂಡು ಬರುವ ಕೆಲಸವಂತೆ. ನಮ್ಮಲ್ಲೂ ಆ ಶಬ್ದವಿದೆ. ಹೇಳು ಎನ್ನುವಲ್ಲಿ ಳಕಾರಕ್ಕೆ ಲಕಾರ ಬಂದರೆ ಸಾಕು, ಅನಾಹುತ. ಅವರು ಇಷ್ಟನ್ನೂ ಗೋಡೆ ನೋಡಿಕೊಂಡು ಇಂಗ್ಲಿಷಿನಲ್ಲಿ ವಿವರಿಸಿದರು. ನಾನು ಹಳಗನ್ನಡದ ಉದಾಹರಣೆ ಕೊಟ್ಟು ಸಮರ್ಥಿಸಿಕೊಳ್ಳಲು ಬಾಯಿ ತೆರೆದೆ. ಮುಚ್ಚಿಕೊಂಡೆ.

ಸುದ್ದಿ ನನಗಿಂತ ಮೊದಲು ಮನೆ ಸೇರಿತ್ತು. ಮಗಳೂ ಅದೇ ಶಾಲೆ. "ಅಪ್ಪಾ, ನಾಳೆಯಿಂದ ಸ್ಕೂಲಲ್ಲಿ ನಾನು ನಿನ್ನ ಮಗಳಲ್ಲ" ಎಂದು ಷರತ್ತು ಹಾಕಿದಳು. ಹೆಂಡತಿ ಏನೂ ಅನ್ನಲಿಲ್ಲ. ಅಡುಗೆಮನೆಗೆ ಹೋಗಿ ಕುಕ್ಕರಿನ ಸದ್ದಿನಲ್ಲಿ ನಕ್ಕಳು. ಅವತ್ತು ಕುಕ್ಕರು ಎಂದಿಗಿಂತ ಹೆಚ್ಚು ಸಲ ಕೂಗಿದ ನೆನಪು.

ಕಳೆದುಕೊಂಡ ಮಾನವನ್ನು ಮನೆಯಲ್ಲಾದರೂ ಗಳಿಸೋಣವೆಂದು ಒಂದು ಭಾನುವಾರ ಒಬ್ಬನೇ ದಿಂಡಿಗಲ್ಲಿಗೆ ಹೋದೆ. ಹೋಗಿ ಬರಲು ಹೆಚ್ಚುಕಡಿಮೆ 150 ಕಿಲೋಮೀಟರು. ಹೈದರನಿದ್ದ ಬಂಡೆಕೋಟೆ ನೋಡಿ, ಬಿರಿಯಾನಿ ತಿಂದು, ಊರಿನ ಹೆಸರುವಾಸಿ ಬೀಗ ಕೊಂಡೆ. 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ, ಕೈಯಲ್ಲೇ ಮಾಡುವ ಮಾಲು. ಕಬ್ಬಿಣದ ಮಾವಿನಕಾಯಿಯಂತೆ ಅಂಗೈ ತುಂಬ ಕೂತಿತು. ಹೊರಡುವಾಗ ಅಂಗಡಿಯ ಮುದುಕರು ಕಣ್ಣಲ್ಲಿ ಕಣ್ಣಿಟ್ಟು, "ಸಾವಿ ಮರಕ್ಕಾದೀಂಗ" ಎಂದರು. ಸಾವನ್ನು ಮರೆಯಬೇಡಿ! ಬೀಗ ಮಾರುವವನ ಬಾಯಲ್ಲಿ ಎಂಥಾ ವೇದಾಂತ! ಎಷ್ಟು ಬೀಗ ಹಾಕಿದರೇನು, ಕೊನೆಗೆ ಹೋಗುವುದೇ ತಾನೇ? ಗಂಟಲುಬ್ಬಿ ಬಂತು. ಕೈಮುಗಿದು ಬಸ್ಸು ಹತ್ತಿದೆ. ವತ್ತಲಗುಂಡು ದಾಟುವವರೆಗೂ ನಶ್ವರತೆಯ ಬಗ್ಗೆಯೇ ಯೋಚನೆ. ಮನೆಯಲ್ಲಿ ಪೊಟ್ಟಣ ಬಿಚ್ಚಿದ ಹೆಂಡತಿ, "ಕೀ ಎಲ್ಲಿ?" ಎಂದಳು. ತಮಿಳಿನಲ್ಲಿ ಸಾವಿ ಎಂದರೆ ಬೀಗದ ಕೈ. ಅದನ್ನು ಮರೆಯಬೇಡಿ ಎಂದಷ್ಟೇ ಅವರು ಹೇಳಿದ್ದು.

ಆ ಬೀಗ ಈಗ ಉತ್ತರಪತ್ರಿಕೆಗಳು ಹಾರದಂತೆ ಕಾಯುತ್ತಿದೆ.

ಮೊನ್ನೆ ಕಂಬಂಗೆ ಹೋಗಿದ್ದೆವು. ಅಲ್ಲಿಯ ಪನ್ನೀರ್ ದ್ರಾಕ್ಷಿ ತಿಂದವರೇ ಬಲ್ಲರು. 2023ರಲ್ಲಿ ಅದಕ್ಕೂ ಬೀಗದಂತೆಯೇ ಮನ್ನಣೆ ಸಿಕ್ಕಿದೆ. ತೋಟದ ಬದಿಯಲ್ಲಿ ಅಜ್ಜಿಯೊಬ್ಬರು ಸೊಸೆಯ ಜೊತೆ ತಕ್ಕಡಿ ಹಿಡಿದು ಕೂತಿದ್ದರು. ಹೆಂಡತಿ ಹಿಂದೆ ಫೋನಿನಲ್ಲಿದ್ದಳು. ನಾನೇ ಮುಂದೆ ಹೋಗಿ, ಮನಸ್ಸಿನಲ್ಲಿ ಮೂರು ಸಲ ಕಟ್ಟಿಕೊಂಡ ವಾಕ್ಯವನ್ನು ನಿಧಾನವಾಗಿ ಬಿಟ್ಟೆ. ಅಜ್ಜಿ ನನ್ನ ಬಾಯನ್ನೇ ನೋಡಿದರು. ಇನ್ನೊಮ್ಮೆ ಬಿಟ್ಟೆ, ಕೈಸನ್ನೆ ಸೇರಿಸಿ. ಅಜ್ಜಿ ಸೊಸೆಯತ್ತ ತಿರುಗಿ, ತಮಿಳಿನ ರಾಗದಲ್ಲಿ ಅಪ್ಪಟ ಕನ್ನಡದಲ್ಲಿ ಅಂದರು: "ಪಾಪ, ಮಾತು ಬರಲ್ಲ ಅಂತ ಕಾಣ್ತದೆ. ಒಂದು ಗೊಂಚಲು ಜಾಸ್ತಿ ಹಾಕಮ್ಮ."

ಈ ಕಣಿವೆಯ ಕಪ್ಪಿಲಿಯರ್ ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡುತ್ತ ಬಂದವರು. ಓದು ಬರಹವೆಲ್ಲ ತಮಿಳು. ಕೇಳಿ ಗೊತ್ತಿತ್ತು. ಕಿವಿಯಾರೆ ಕೇಳಿದ್ದು ಅದೇ ಮೊದಲು. "ಅಜ್ಜೀ, ನಾನೂ ಕನ್ನಡದೋನೇ!" ಎಂದು ಕೂಗಬೇಕು ಅನ್ನಿಸಿತು. ಆದರೆ ಗೊಂಚಲು ಅಷ್ಟರಲ್ಲಿ ತಕ್ಕಡಿಯಲ್ಲಿತ್ತು, ದಪ್ಪ ದಪ್ಪ ಕಪ್ಪು ಹಣ್ಣಿನದು. ಮೂಗನಂತೆ ತಲೆಯಾಡಿಸಿದೆ.

ಫೋನ್ ಮುಗಿಸಿ ಬಂದ ಹೆಂಡತಿ ಅಜ್ಜಿಯ ಮಾತು ಕಿವಿಗೆ ಬಿದ್ದದ್ದೇ ತಡ ಕನ್ನಡದಲ್ಲಿ ಶುರುಮಾಡಿದಳು. ಐದು ನಿಮಿಷದಲ್ಲಿ ಊರು, ಕುಲ, ಮಕ್ಕಳು ಎಲ್ಲ ಆಯಿತು. ಕೊನೆಗೆ ಅಜ್ಜಿ ನನ್ನತ್ತ ಗದ್ದ ತೋರಿಸಿ, "ಇವರಿಗೆ ಏನು ಕೆಲಸ?" ಎಂದರು.

"ಮೇಷ್ಟ್ರು."

"ಎಷ್ಟು ವರ್ಷದಿಂದ?"

"ಇಪ್ಪತ್ಮೂರು."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಸೊಸೆಗೆ ಮೆಲ್ಲಗೆ ಹೇಳಿದರು:

"ಇನ್ನೊಂದು ಗೊಂಚಲು ಹಾಕಮ್ಮ."