ಪಾರ್ಕಿಗೊಂದು ಓಟು

(ಆಗಸ್ಟ್ 2014, ಸಿಯಾಟಲ್. ಮೈಸೂರಿಂದ ಬಂದ ಮಾವ, ಇಲ್ಲೇ ಮನೆ ಕೊಂಡ ಅಳಿಯ.)

ಮಾವ: ಅಳಿಯಂದ್ರೇ, ಮನೆಮನೆ ಅಂಗಳದಲ್ಲೂ ಪಾರ್ಕಿಗೆ ಹೌದು, ಬೇಡ ಅಂತ ಬೋರ್ಡು ನೆಟ್ಟಿದಾರಲ್ಲ, ಏನು ವಿಶೇಷ?

ಅಳಿಯ: ಚುನಾವಣೆ ಮಾವ. ಪಾರ್ಕಿಗೋಸ್ಕರ ಆಸ್ತಿ ತೆರಿಗೆ ಹಾಕಬಹುದೇ ಅಂತ ಜನರನ್ನೇ ಕೇಳ್ತಿದಾರೆ.

ಮಾವ: ತೆರಿಗೆ ಹಾಕೋಕೂ ಒಪ್ಪಿಗೆಯೇ! ನಾನು ಕಂದಾಯದ ಮೇಲೆ ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರಿಗೆ ಶೇ. 3 ಸೆಸ್ ಕಟ್ತೀನಿ. ಗ್ರಂಥಪಾಲಕನಾಗಲಿ ಭಿಕ್ಷುಕನಾಗಲಿ ಒಂದು ಮಾತು ಕೇಳಿದ್ದಿಲ್ಲ. ಇಲ್ಲಿ ಎಷ್ಟಂತೆ?

ಅಳಿಯ: ಸಾವಿರ ಡಾಲರ್ ಬೆಲೆಗೆ 33 ಸೆಂಟ್. ನಾಲ್ಕು ಲಕ್ಷದ ಮನೆಗೆ ವರ್ಷಕ್ಕೆ 132 ಡಾಲರ್.

ಮಾವ: ಅಷ್ಟಕ್ಕೆ ಇಷ್ಟು ಜಗಳವೇ?

ಅಳಿಯ: ಹಿಂದಿನ ತೆರಿಗೆಗೆ ಅವಧಿ ಇತ್ತು, ಇದು ಕಾಯಂ. 75 ಸೆಂಟಿನವರೆಗೂ ಏರಿಸಬಹುದು. ಅದಕ್ಕೇ ಅಂತ ‘ಪಾರ್ಕ್ ಡಿಸ್ಟ್ರಿಕ್ಟ್’ ಅನ್ನೋ ಹೊಸ ಸಂಸ್ಥೆ. ಆಳೋರು ಮಾತ್ರ ನಗರಸಭೆಯ ಅದೇ ಒಂಬತ್ತು ಜನ.

ಮಾವ: ಹೋಟೆಲು ಹಳೇದು, ಬೋರ್ಡು ಹೊಸದು. ನೀವು ಯಾವ ಕಡೆ ಒತ್ತಿದ್ರಿ?

ಅಳಿಯ: ನಂಗೆ ಓಟಿಲ್ಲ. ಇನ್ನೂ ಗ್ರೀನ್ ಕಾರ್ಡು, ಪೌರತ್ವ ಬಂದಿಲ್ಲ. ಮನೆ ನಂದು, ತೆರಿಗೆ ನಂದು.

ಮಾವ: ಓಟು?

ಅಳಿಯ: ಎದುರುಮನೆ ಬಾಡಿಗೆ ಹುಡುಗನದು. ಓಟಿನ ಲಕೋಟೆ ಮನೆಗೇ ಬಂತು. ‘ಹೌದು’ ಅಂತ ಗುರುತು ಹಾಕಿ, ಸಹಿ ಮಾಡಿ ಪೋಸ್ಟ್ ಮಾಡ್ದ.

ಮಾವ: ಧರ್ಮಾತ್ಮ! ನಿಮ್ಮ ಜೇಬಿನಿಂದ ದಾನ.

ಅಳಿಯ: ಹಾಗಲ್ಲ, ಅವನ ಮನೆ ಮಾಲೀಕ ತೆರಿಗೆ ನೋಡಿದ ಕೂಡಲೇ ಬಾಡಿಗೆ ಏರಿಸ್ತಾನೆ.

ಮಾವ: ಅಬ್ಬ, ಇಲ್ಲೂ ಮಾಲೀಕರು ನಮ್ಮೋರೇ!

(ಪ್ರಸ್ತಾಪ ಸುಮಾರು ಶೇ. 53 ಮತ ಪಡೆದು ಗೆದ್ದಿತು. 2016ರಿಂದ ವಸೂಲಿ ಶುರುವಾಯಿತು.)