ಬ್ಯಾಟರಿಗೆ ತೆರೆದ ಬಾಗಿಲನ್ನು ಹೊಸ ಎಂಜಿನ್‌ಗೂ ತೆರೆಯಿರಿ

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದಲ್ಲಿ ಮೋಟಾರು ವಾಹನ ನಿಯಮಗಳನ್ನು ಬರೆಯುವ ಮಾನ್ಯರಿಗೆ,

ಹಳೆ ಗಾಡಿಯ ಎಂಜಿನ್ ಇಳಿಸಿ ಅದರ ಜಾಗದಲ್ಲಿ ಹೊಸ ಕಾಲದ ಎಂಜಿನ್ ಕೂರಿಸಬೇಕು ಎಂದುಕೊಂಡಿರುವವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಇಂಥವರು ಮನೆಯ ಪಕ್ಕದ ಶೆಡ್ಡಿನಲ್ಲಿ, ರಜೆಯ ದಿನಗಳಲ್ಲಿ, ಕೈ ಮಸಿ ಮಾಡಿಕೊಂಡು ಕೆಲಸ ಮಾಡುವ ಜನ. ಇವರಿಗೆ ರೇಸಿನ ಹುಚ್ಚಿಲ್ಲ. ಅಪ್ಪ ಓಡಿಸಿದ ಗಾಡಿ ಗುಜರಿಗೆ ಹೋಗಬಾರದು, ಹಾಗೆಂದು ಊರಿನ ಗಾಳಿ ಕೆಡಿಸುತ್ತಲೂ ಓಡಬಾರದು, ಇಷ್ಟೇ ಆಸೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದೇ ಗಾಡಿಯನ್ನು ಮುಂದಿಡುತ್ತೇನೆ. ಮಾರುತಿ ಜಿಪ್ಸಿ. 1985ರ ಕೊನೆಯಲ್ಲಿ ಬಂದಾಗ ಅದರಲ್ಲಿದ್ದದ್ದು 970 ಸಿಸಿಯ ಎಂಜಿನ್. 1996ರಲ್ಲಿ ಜಿಪ್ಸಿ ಕಿಂಗ್ ಆಯಿತು, 1298 ಸಿಸಿ, ಕಾರ್ಬುರೇಟರ್, ಸುಮಾರು 60 ಅಶ್ವಶಕ್ತಿ. 2000ದಲ್ಲಿ ಅದೇ ಕಿಂಗ್‌ಗೆ ಎಂಪಿಎಫ್‌ಐ ಎಂಜಿನ್ ಬಂತು. ಅದೂ 1298 ಸಿಸಿಯೇ. ಸಿಲಿಂಡರಿನ ವ್ಯಾಸ 74 ಮಿಲಿಮೀಟರ್, ಸ್ಟ್ರೋಕ್ 75.5 ಮಿಲಿಮೀಟರ್, ಎರಡರಲ್ಲೂ ಒಂದೇ. ಬದಲಾದದ್ದು ಮೇಲಿನ ಹೆಡ್ಡು ಮತ್ತು ಪೆಟ್ರೋಲ್ ಉಣಿಸುವ ಕ್ರಮ. ಎಂಟು ವಾಲ್ವಿನ ಜಾಗದಲ್ಲಿ ಹದಿನಾರು, ಕಾರ್ಬುರೇಟರಿನ ಜಾಗದಲ್ಲಿ ಇಂಜೆಕ್ಟರು, ಶಕ್ತಿ ಸುಮಾರು 80. ಕಂಪನಿ ಅದೇ, ಚಾಸಿಸ್ ಅದೇ, ಹೆಸರೂ ಅದೇ. 1998ರ ಜಿಪ್ಸಿಗೆ ಈ ಎಂಜಿನ್ ಹಾಕಿಕೊಳ್ಳುತ್ತೇನೆಂದು ಮಾಲೀಕ ಹೊರಟರೆ ನಿಮ್ಮ ಕಾನೂನು ಅಡ್ಡ ನಿಲ್ಲುತ್ತದೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಸೇರಿತು. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕರ್ಕಶ ಸೈಲೆನ್ಸರ್ ಹಾಕಿಕೊಂಡು ಊರಿನ ನಿದ್ದೆ ಕೆಡಿಸುವವನಿಗೂ, ಹೊಗೆ ಕಡಿಮೆ ಮಾಡಲು ಎಂಜಿನ್ ಬದಲಿಸುವವನಿಗೂ ಒಂದೇ ಕಲಂ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ತೋಚುವುದಿಲ್ಲ.

ಅದೇ 52ನೇ ಕಲಮಿನಲ್ಲಿ ನೀವೇ ಒಂದು ಬಾಗಿಲು ಇಟ್ಟಿದ್ದೀರಿ. ಬ್ಯಾಟರಿ, ಸಿಎನ್‌ಜಿ, ಎಲ್‌ಪಿಜಿ, ಸೌರಶಕ್ತಿ ಮುಂತಾದ ಬೇರೆ ಇಂಧನದಲ್ಲಿ ಓಡಿಸುವ ಸಲುವಾಗಿ ಕನ್ವರ್ಷನ್ ಕಿಟ್ ಹಾಕಿ ಎಂಜಿನ್ ಮಾರ್ಪಡಿಸಬಹುದು. ವಿದ್ಯುತ್ ಕಿಟ್‌ಗಳಿಗೆ ಎಐಎಸ್-123 ಎಂಬ ಮಾನದಂಡವೂ ಇದೆ. ಹಾಗಾಗಿ ಅದೇ 1998ರ ಜಿಪ್ಸಿಯ ಎಂಜಿನ್ ಪೂರ್ತಿ ಕಿತ್ತು ಬಿಸಾಡಿ, ಮೋಟಾರು ಕೂರಿಸಿ, ಹಿಂದಕ್ಕೊಂದು ಭಾರಿ ಬ್ಯಾಟರಿ ಪೆಟ್ಟಿಗೆ ಬಿಗಿದರೆ, ಕಿಟ್ಟಿಗೆ ಮಂಜೂರಾತಿ ಇದ್ದರಾಯಿತು, ಆರ್‌ಸಿ ಸಿಗುತ್ತದೆ. ಗಾಡಿಯ ತೂಕ ಬದಲಾಗುತ್ತದೆ, ಭಾರ ಕೂರುವ ಜಾಗ ಬದಲಾಗುತ್ತದೆ, ಬ್ರೇಕಿನ ಲೆಕ್ಕ ಬದಲಾಗುತ್ತದೆ. ಆದರೂ ಸಮ್ಮತ. ಅದೇ ಕಂಪನಿ ಅದೇ ಚಾಸಿಸ್‌ಗೆಂದೇ ಮಾಡಿದ, ಅದೇ ಸಿಸಿಯ ಎಂಜಿನ್‌ಗೆ ಮಾತ್ರ ಸಮ್ಮತಿಯಿಲ್ಲ. ವಿದ್ಯುತ್ ಕಿಟ್‌ಗೆ ಅವಕಾಶ ಕೊಟ್ಟದ್ದು ಸರಿಯಾದ ಕೆಲಸ, ಅದನ್ನು ಮನಸಾರೆ ಒಪ್ಪುತ್ತೇನೆ. ಬೆಂಗಳೂರಿನಲ್ಲಿ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ಓಡುವ ಕಾರಿಗೆ ಅದೇ ಒಳ್ಳೆಯ ದಾರಿ. ಸಕಲೇಶಪುರದ ಆಚೆಯ ತೋಟದಲ್ಲಿ, ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬಂದೀತೆಂದು ಗೊತ್ತಿಲ್ಲದ ಕಡೆ ಅದು ದಾರಿಯಲ್ಲ.

ನಮ್ಮ ದೇಶದ ಕಾರುಗಳ ಚರಿತ್ರೆಯನ್ನೇ ನೋಡಿ. ಅಂಬಾಸಿಡರ್ ಎಂಬುದು ಐವತ್ತರ ದಶಕದ ಮಾರಿಸ್ ಆಕ್ಸ್‌ಫರ್ಡ್‌ನ ಮೈ. ತೊಂಬತ್ತರ ದಶಕದ ಆರಂಭದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದೇ ಮೈಗೆ ಜಪಾನಿನ ಇಸುಜುವಿನ 1800 ಸಿಸಿ ಎಂಜಿನ್ ಕೂರಿಸಿತು, ಐದು ಗೇರು ಕೊಟ್ಟಿತು. ಸಚಿವರೂ ಟ್ಯಾಕ್ಸಿಯವರೂ ಅದರಲ್ಲಿ ಓಡಾಡಿದರು. ಪ್ರೀಮಿಯರ್ 118ಎನ್‌ಇ ಕೂಡ ಹಾಗೆಯೇ, ಇಟಲಿಯ ಫಿಯಟ್ 124ರ ವಂಶದ ಮೈಗೆ ನಿಸಾನ್‌ನ 1171 ಸಿಸಿ ಎಂಜಿನ್. ಎರಡೂ ಸರ್ಕಾರದ ಒಪ್ಪಿಗೆ ಪಡೆದೇ ರಸ್ತೆಗಿಳಿದವು, ಜನ ಇಷ್ಟಪಟ್ಟು ಕೊಂಡರು. ಹಳೆ ಮೈ, ಹೊಸ ಎಂಜಿನ್ ಎಂಬುದು ಈ ದೇಶದ ಕಾರ್ಖಾನೆಗಳೇ ಹಾಕಿಕೊಟ್ಟ ಹಾದಿ. ಕೊಡಗು, ಹಾಸನ, ಚಿಕ್ಕಮಗಳೂರಿನ ತೋಟಗಳಲ್ಲಿ ವಿಲ್ಲೀಸ್ ಜೀಪಿನ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದವರಿಗೆ ಲೆಕ್ಕವಿಲ್ಲ. ಆ ಡೀಸೆಲ್‌ಗಳ ಹೊಗೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಜೀಪುಗಳು ತಲೆಮಾರುಗಟ್ಟಲೆ ಕಾಫಿ ಮೂಟೆ ಹೊತ್ತವು ಎಂಬುದು ನಿಜ, ಅವನ್ನು ಕಟ್ಟಿದ ಕೈಗಳಿಗೆ ಕೆಲಸ ಗೊತ್ತಿತ್ತು ಎಂಬುದೂ ನಿಜ.

ಆ ಕೆಲಸ ಹೇಗಿರುತ್ತದೆಂದು ನೀವು ಹತ್ತಿರದಿಂದ ನೋಡಿರಲಾರಿರಿ, ಅದಕ್ಕೇ ಹೇಳುತ್ತೇನೆ. ಚೈನ್ ಪುಲ್ಲಿಯಲ್ಲಿ ಎಂಜಿನ್ ತೂಗುತ್ತಿರುತ್ತದೆ. ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳೊಳಗೆ ನೇರ ಹೋಗಬೇಕು. ಇನ್ನೇನು ಎರಡು ಬೆರಳಿನ ಅಂತರ ಉಳಿದಿರುವಾಗ ಸಿಕ್ಕಿಕೊಳ್ಳುತ್ತದೆ. ಅವಸರದವನು ಬೋಲ್ಟು ಹಾಕಿ ಎಳೆಯಲು ನೋಡುತ್ತಾನೆ, ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ಗೊತ್ತಿರುವವನು ಗೇರ್ ಹಾಕಿಟ್ಟು, ಮುಂದಿನ ಪುಲ್ಲಿಗೆ ಸ್ಪ್ಯಾನರ್ ಕೊಟ್ಟು, ಕ್ರ್ಯಾಂಕನ್ನು ಕೂದಲೆಳೆಯಷ್ಟು ತಿರುಗಿಸುತ್ತಾನೆ. ಹಲ್ಲಿಗೆ ಹಲ್ಲು ಕೂಡಿದ ಕ್ಷಣ ಎಂಜಿನ್ ತಾನಾಗಿ ಒಳಗೆ ಜಾರಿ ಗೇರ್‌ಬಾಕ್ಸಿಗೆ ಅಂಟಿ ನಿಲ್ಲುತ್ತದೆ. ಕೈಬಲ ಬೇಕಿಲ್ಲ, ತಾಳ್ಮೆ ಬೇಕು.

ನಿಜವಾದ ಅಪಾಯ ಇರುವುದು ಪೆಟ್ರೋಲ್ ಪೈಪಿನಲ್ಲಿ. ಕಾರ್ಬುರೇಟರ್ ಗಾಡಿಯ ಪಂಪು ಪೆಟ್ರೋಲನ್ನು ಮೆಲ್ಲಗೆ ತಳ್ಳಿದರೆ ಸಾಕು. ಇಂಜೆಕ್ಟರಿಗೆ ಬೇಕಾದ ಒತ್ತಡ ಅದಕ್ಕಿಂತ ಹತ್ತು ಪಟ್ಟು, ಸುಮಾರು ಮೂರು ಬಾರ್. ಹಳೆ ರಬ್ಬರ್ ಪೈಪು, ಹಳೆ ಕ್ಲಿಪ್ಪು ಅದನ್ನು ತಡೆಯುವುದಿಲ್ಲ. ಬಿಸಿ ಎಕ್ಸಾಸ್ಟ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಗಾಡಿಯೂ ಉಳಿಯದು, ಒಳಗಿದ್ದವರೂ ಉಳಿಯರು. ಟ್ಯಾಂಕಿನೊಳಗಿನ ಪಂಪು, ಒತ್ತಡ ತಾಳುವ ಪೈಪು, ಮಿಕ್ಕ ಪೆಟ್ರೋಲು ಹಿಂದಿರುಗುವ ದಾರಿ, ಎಲ್ಲವೂ ಎಂಪಿಎಫ್‌ಐ ಗಾಡಿಯದೇ ಆಗಬೇಕು. ವೈರಿಂಗ್ ಕೂಡ ಹಾಗೆಯೇ, ಎಂಜಿನ್ ಬಿಚ್ಚಿ ತಂದ ದಾನಿ ಗಾಡಿಯ ಹಾರ್ನೆಸ್ಸನ್ನು ಒಂದು ತಂತಿಯನ್ನೂ ಕತ್ತರಿಸದೆ ಇಡಿಯಾಗಿ ತರಬೇಕು. ಅರ್ಥಿಂಗ್ ಸಡಿಲವಾದರೆ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಸೆನ್ಸರುಗಳ ಮಾತು ತಪ್ಪಾಗಿ ಕೇಳಿಸುತ್ತದೆ. ಇಂಥ ಕೆಲಸವನ್ನು ಯಾರಾದರೂ ತಜ್ಞರು ನೋಡಿ ಒಪ್ಪಬೇಕೆಂದೇ ನಾನೂ ಹೇಳುವುದು. ಈಗಿನ ನಿಯಮದಲ್ಲಿ ನೋಡುವವರೇ ಇಲ್ಲ. ಮಾಡುವವರು ಮಾಡಿಯೇ ಮಾಡುತ್ತಾರೆ, ಕದ್ದುಮುಚ್ಚಿ. ಆ ಪೈಪು ಸರಿಯಿದೆಯೋ ಇಲ್ಲವೋ ಎಂದು ಬಗ್ಗಿ ನೋಡುವ ಅಧಿಕಾರಿಯ ಮುಂದೆ ಅವರು ಗಾಡಿ ನಿಲ್ಲಿಸಲಾರರು, ನಿಲ್ಲಿಸಿದರೆ ದಂಡ.

ಇನ್ನು ಹೊಗೆಯ ವಿಷಯ. ಕಾರ್ಬುರೇಟರಿಗೆ ತಾನು ಎಷ್ಟು ಪೆಟ್ರೋಲ್ ಸುಡುತ್ತಿದ್ದೇನೆಂದು ತಿಳಿಯುವ ಉಪಾಯವಿಲ್ಲ. ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟು. ಘಾಟಿ ಹತ್ತಿ ಗಾಳಿ ತೆಳುವಾದರೂ ಪೆಟ್ರೋಲನ್ನು ಅದಕ್ಕೆ ತಕ್ಕಂತೆ ಇಳಿಸಲು ಬರುವುದಿಲ್ಲ, ಕಪ್ಪು ಹೊಗೆ ಬರುತ್ತದೆ. ಎಂಪಿಎಫ್‌ಐ ಎಂಜಿನ್ನಿನ ಎಕ್ಸಾಸ್ಟ್‌ನಲ್ಲಿ ಆಮ್ಲಜನಕದ ಸೆನ್ಸರ್ ಇರುತ್ತದೆ. ಇಸಿಯು ಅದನ್ನು ಓದುತ್ತ ಪೆಟ್ರೋಲನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ, ಉಳಿದ ವಿಷವನ್ನು ಕ್ಯಾಟಲಿಟಿಕ್ ಕನ್ವರ್ಟರ್ ಕಳೆಯುತ್ತದೆ. ನಿಮ್ಮದೇ ಹೊಗೆ ತಪಾಸಣೆಯ ಮಿತಿಗಳಲ್ಲಿ ಈ ವ್ಯತ್ಯಾಸ ಕಾಣುತ್ತದೆ. ಭಾರತ್ ಸ್ಟೇಜ್‌ಗಿಂತ ಹಿಂದಿನ ಪೆಟ್ರೋಲ್ ಕಾರು ಶೇ. 3ರಷ್ಟು ಕಾರ್ಬನ್ ಮೊನಾಕ್ಸೈಡ್ ಉಗುಳಿದರೂ ಪಾಸು. ಭಾರತ್ ಸ್ಟೇಜ್ 2, 3ರ (ಬಿಎಸ್-2, ಬಿಎಸ್-3) ಕಾರಿಗೆ ಮಿತಿ ಶೇ. 0.5. 1998ರ ಗಾಡಿಯ ಮಾಲೀಕ ಸ್ವಂತ ಖರ್ಚಿನಲ್ಲಿ, ತಾನಾಗಿಯೇ, ಆರರಲ್ಲಿ ಒಂದು ಪಾಲಿನ ಮಿತಿಗೆ ಒಳಪಡಲು ಸಿದ್ಧನಿದ್ದಾನೆ. ಆ ಮಾಲೀಕನನ್ನು ತಡೆದು ನೀವು ಸಾಧಿಸುವುದೇನು?

ಹಳೆ ಗಾಡಿ ಇಟ್ಟುಕೊಳ್ಳುವವರ ಮೇಲೆ ನೀವು ಈಗಾಗಲೇ ಸಾಕಷ್ಟು ಭಾರ ಹೊರಿಸಿದ್ದೀರಿ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5000ಕ್ಕೆ ಏರಿತು. ಹೊಗೆಗಾಗಿ ದುಡ್ಡು ಕಟ್ಟಿಸಿಕೊಳ್ಳುತ್ತೀರಿ, ಹೊಗೆ ಇಳಿಸುವ ದಾರಿಯನ್ನು ಮುಚ್ಚಿಡುತ್ತೀರಿ. ಇದರಲ್ಲಿ ನ್ಯಾಯ ಕಾಣುವುದಿಲ್ಲ.

ಕಳ್ಳತನದ ಭಯ ನಿಮಗಿದೆ, ಅದು ಸುಳ್ಳಲ್ಲ. ಕದ್ದ ಗಾಡಿಯ ಎಂಜಿನ್ ಇನ್ನೊಂದರ ಹೊಟ್ಟೆ ಸೇರಿದರೆ ಪೊಲೀಸರಿಗೆ ಪತ್ತೆ ಕಷ್ಟ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಗುವ ಎಂಜಿನ್ ಎಲ್ಲಿಂದ ಬಂತೆಂದು ಕೇಳಿದರೆ ಎಲ್ಲ ಅಂಗಡಿಯವರೂ ಕಾಗದ ತೋರಿಸಲಾರರು. ಇದನ್ನು ತಡೆಯಲು ಬೇಕಾದ ವ್ಯವಸ್ಥೆಯನ್ನೂ ನೀವೇ ಕಟ್ಟಿದ್ದೀರಿ. 2021ರ ನಿಯಮಗಳಡಿ ನೋಂದಾಯಿತ ಗುಜರಿ ಕೇಂದ್ರಗಳು ಬಂದಿವೆ, ಅಲ್ಲಿಗೆ ಬರುವ ಪ್ರತಿ ಗಾಡಿಯ ದಾಖಲೆಯೂ ಗಾಡಿಗಳ ನೋಂದಣಿಯ ‘ವಾಹನ್’ ವ್ಯವಸ್ಥೆಯಲ್ಲಿ ಸೇರುತ್ತದೆ. ಅಂಥ ಕೇಂದ್ರದಿಂದ ಎಂಜಿನ್ ನಂಬರ್ ನಮೂದಿಸಿದ ರಸೀದಿಯೊಡನೆ ಹೊರಬಂದ ಎಂಜಿನ್‌ಗೆ ಮಾತ್ರ ಅನುಮತಿ ಎಂದರೆ ಕದ್ದ ಮಾಲಿಗೆ ಜಾಗವೇ ಉಳಿಯದು. ಕದ್ದುಮುಚ್ಚಿ ನಡೆಯುವ ಈಗಿನ ವ್ಯಾಪಾರವೇ ಕಳ್ಳರಿಗೆ ಅನುಕೂಲ.

ಹೊಗೆಯ ವಿಷಯದಲ್ಲಿ ಜಗತ್ತಿನಲ್ಲೇ ಬಿಗಿಯೆನಿಸಿದ ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಬದಲಾವಣೆ ಅಪರಾಧವಲ್ಲ. ಹಾಕುವ ಎಂಜಿನ್ ಗಾಡಿಯಷ್ಟೇ ಹೊಸದಿರಬೇಕು ಅಥವಾ ಅದಕ್ಕಿಂತ ಹೊಸದಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಗ್ರಿಯೆಲ್ಲ ಜೊತೆಗೇ ಬರಬೇಕು, ರೆಫರಿ ಎಂಬ ಪರಿಣತರು ಪರೀಕ್ಷಿಸಿ ಚೀಟಿ ಅಂಟಿಸಬೇಕು. ಆಸ್ಟ್ರೇಲಿಯಾದಲ್ಲಿ ಗಾಡಿಯ ತೂಕಕ್ಕೆ ಇಂತಿಷ್ಟು ಸಿಸಿ ಎಂಬ ಮಿತಿ ಹಾಕಿ ಎಂಜಿನಿಯರ್ ಸಹಿ ಕೇಳುತ್ತಾರೆ. ನ್ಯೂಜಿಲೆಂಡಿನಲ್ಲಿ ಪರೀಕ್ಷೆ ಮುಗಿದ ಗಾಡಿಗೆ ಪ್ರಮಾಣಪಟ್ಟಿ ಬಿಗಿಯುತ್ತಾರೆ. ಅಲ್ಲಿಯ ಸರ್ಕಾರಗಳು ಸುರಕ್ಷತೆಯನ್ನು ಹಗುರವಾಗಿ ಕಂಡಿಲ್ಲ, ಪರೀಕ್ಷಿಸಿ ಒಪ್ಪುವ ವ್ಯವಸ್ಥೆಯನ್ನು ಮಾಡಿವೆ.

ಹಳೆ ಗಾಡಿಯ ಅಸಲಿತನ ಉಳಿಯಬೇಕೆಂಬ ಮಾತನ್ನೂ ಒಪ್ಪುತ್ತೇನೆ. 2021ರ ಜುಲೈನಲ್ಲಿ ನೀವು ತಂದ ವಿಂಟೇಜ್ ನಿಯಮ, 50 ವರ್ಷ ಮೀರಿದ, ಎಂಜಿನ್ ಚಾಸಿಸ್ ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ ಬೇರೆ ಗೌರವ ಕೊಟ್ಟಿತು. ಒಳ್ಳೆಯದೇ ಆಯಿತು. ಅಂಥ ಗಾಡಿಗೆ ಯಾರೂ ಕೈಹಾಕಬಾರದು. ನಾನು ಕೇಳುತ್ತಿರುವುದು ಪ್ರದರ್ಶನಕ್ಕಲ್ಲದ, ದುಡಿಯುವ, ನಡುವಯಸ್ಸಿನ ಗಾಡಿಗಳ ಬಗ್ಗೆ.

52ನೇ ಕಲಮಿಗೆ ಇನ್ನೊಂದೇ ಒಂದು ಅವಕಾಶ ಸೇರಿಸಿ. ಅದೇ ತಯಾರಕರು ಅದೇ ಮಾದರಿಯ ನಂತರದ ಗಾಡಿಗಳಿಗೆ ಹಾಕಿದ, ಹೆಚ್ಚು ಬಿಗಿಯಾದ ಹೊಗೆ ಮಿತಿಗೆ ಒಪ್ಪುವ ಎಂಜಿನನ್ನು ಹಳೆಯದಕ್ಕೆ ಹಾಕಬಹುದು ಎನ್ನಿ. ಇಂಧನದ ಪೈಪು, ಮೌಂಟಿಂಗ್, ಬ್ರೇಕು, ವೈರಿಂಗನ್ನು ಅಧಿಕೃತ ಪರೀಕ್ಷಾ ಕೇಂದ್ರ ನೋಡಲಿ, ಅದರ ಶುಲ್ಕ ನಾವೇ ಕೊಡುತ್ತೇವೆ. ಆಮೇಲೆ ಹೊಗೆ ಪರೀಕ್ಷೆ ಎಂಜಿನ್ನಿನ ಇಸವಿಗೆ ತಕ್ಕಂತೆ ನಡೆಯಲಿ, ಗಾಡಿಯ ಇಸವಿಗಲ್ಲ.

ಇದನ್ನು ಓದುತ್ತಿರುವ, ಶೆಡ್ಡಿನಲ್ಲಿ ಎಂಜಿನ್ ತಂದಿಟ್ಟುಕೊಂಡು ಕಾಯುತ್ತಿರುವ ಗೆಳೆಯರಿಗೂ ಒಂದು ಮಾತು. ನಿಯಮ ಬದಲಾಗುವ ತನಕ ಅದನ್ನು ರಸ್ತೆಗಿಳಿಸಬೇಡಿ. ಆರ್‌ಸಿಯಲ್ಲಿ ಇಲ್ಲದ ಎಂಜಿನ್ ಇರುವ ಗಾಡಿ ಅಪಘಾತ ಮಾಡಿಕೊಂಡರೆ ವಿಮೆಯವರು ಕೈಯೆತ್ತುವ ಅಪಾಯವಿದೆ, ಆಗ ಎದುರಿನವರ ಕುಟುಂಬಕ್ಕೂ ಪರಿಹಾರಕ್ಕಾಗಿ ಅಲೆದಾಟ ತಪ್ಪದು. ಎಂಜಿನ್ನಿನ ರಸೀದಿ, ದಾನಿ ಗಾಡಿಯ ಕಾಗದ, ಕೆಲಸದ ಫೋಟೊಗಳನ್ನು ಜೋಪಾನವಾಗಿಡಿ. ನಿಮ್ಮ ಸಂಸದರಿಗೆ, ಸಾರಿಗೆ ಸಚಿವರಿಗೆ ಪತ್ರ ಬರೆಯಿರಿ, ಗಾಡಿಯ ಇಸವಿ ಮತ್ತು ಎಂಜಿನ್ನಿನ ವಿವರದ ಸಮೇತ ಬರೆಯಿರಿ.

ಮಾನ್ಯರೇ, ಕಾಯ್ದೆಯ ಮುಂದಿನ ತಿದ್ದುಪಡಿಯ ಕರಡು ಹೊರಡಿಸುವಾಗ ಈ ಅವಕಾಶವನ್ನು ಅದರಲ್ಲಿ ಸೇರಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳಿ. ಕಳಿಸಲು ನಾವು ಸಿದ್ಧರಿದ್ದೇವೆ.

ಇತಿ,
ಹಳೆ ಗಾಡಿಯ ಮಾಲೀಕರಲ್ಲೊಬ್ಬ